ಚೊಂಬಿನ ಮೇಲಿನ ಹೆಸರು

ಎಂಬತ್ತರ ದಶಕದ ಆರಂಭ. ಮಕ್ಕಳು ಶಾಲೆಗೆ ಹೋದ ಮೇಲೆ ನಾನು ಹಾನಗಲ್ಲಿನ ಒಂದು ಹೆರಿಗೆ ಆಸ್ಪತ್ರೆಯಲ್ಲಿ ಕಾರ್ಡು ಜೋಡಿಸುವ ಕೆಲಸಕ್ಕೆ ಹೋಗುತ್ತಿದ್ದೆ. ಅದೇ ಸಂಸ್ಥೆಯ ತಪಾಸಣಾ ಕೇಂದ್ರಗಳು ಶಿಗ್ಗಾವಿ, ಸವಣೂರು, ಹಿರೇಕೆರೂರಿನಲ್ಲೂ ಇದ್ದವು. ನಾಲ್ಕೂ ಕಡೆಯ ಬಸುರಿಯರ ಗುರುತಿನ ಕಾರ್ಡಿನ ಒಂದೊಂದು ಪ್ರತಿ ಒಂದೇ ಕಪಾಟಿನಲ್ಲಿ ಸಿಗುವಂತೆ ಮಾಡಬೇಕೆಂದು ನಾವೆಲ್ಲ ಡಾಕ್ಟರ್ ಬಾಯಿ ಎನ್ನುತ್ತಿದ್ದ ಲೇಡಿ ಡಾಕ್ಟರು ನನಗೆ ಹೇಳಿದರು.

ಕಾನ್ವೆಂಟಿನಲ್ಲಿ ಕಲಿತವಳು ನಾನು. ಕಾರ್ಡಿನ ನಂಬರಿನ ಮುಂದೆ ಊರಿನ ಮೊದಲ ಇಂಗ್ಲಿಷ್ ಅಕ್ಷರ ಹಾಕಿದೆ. ಹಾನಗಲ್ಲಿಗೂ ಹಿರೇಕೆರೂರಿಗೂ ಎಚ್, ಶಿಗ್ಗಾವಿಗೂ ಸವಣೂರಿಗೂ ಎಸ್! ಸವಣೂರಿನ ನರ್ಸ್ ಖೈರುನ್ನೀಸಾ ನಕ್ಕಿದ್ದೇ ನಕ್ಕಿದ್ದು. “ಅಕ್ಕಾರ, ನಿಮ್ಮ ಇಂಗ್ಲಿಷಿನ್ಯಾಗ ನಾಕ ಊರು ಎರಡ ಆದ್ವಲ್ರಿ. ಬಸ್ಸಿನ ಖರ್ಚರ ಉಳೀತು ಬಿಡ್ರಿ.” ಕನ್ನಡ ಅಕ್ಷರಗಳಿಗೆ ಬಂದೆ: ಹಾ, ಶಿ, ಸ, ಹಿ. ಆದರೆ ಪ್ರತಿ ಊರಿನಲ್ಲೂ ಹೊಸ ನಂಬರು ಕೊಡುತ್ತಿದ್ದರು. ಒಬ್ಬಳನ್ನು ಹುಡುಕಲು ಹೆಸರೊಂದೇ ದಾರಿ. ಅಷ್ಟು ಸಾಕೆಂದುಕೊಂಡಿದ್ದೆ.

ಒಂದು ಬೆಳಿಗ್ಗೆ ತವರೂರು ಆಡೂರಿನಿಂದ ಗಂಗವ್ವ ತಾಯಿಯ ಜೊತೆ ಬಂದಳು. ನೋವು ಶುರುವಾಗಿತ್ತು. ಚೊಚ್ಚಲ ಹೆರಿಗೆಯಲ್ಲಿ ವಿಪರೀತ ರಕ್ತ ಹೋಗಿತ್ತಂತೆ. ಈ ಸಲ ಹುಬ್ಬಳ್ಳಿಯಿಂದ ಮೊದಲೇ ರಕ್ತ ತರಿಸಿಡಬೇಕು, ಅದಕ್ಕೆ ಗುಂಪು ಗೊತ್ತಿರಬೇಕು. ಗಂಡನ ಊರು ಚಿಕ್ಕೇರೂರು. ಹಿರೇಕೆರೂರಿನಲ್ಲಿ ಪರೀಕ್ಷೆ ಮಾಡಿಸಿದ್ದಾಳೆ, ಅಪರೂಪದ ಗುಂಪು ಅಂದಿದ್ದಾರೆ, ಯಾವುದೆಂದು ಅವಳಿಗೆ ನೆನಪಿಲ್ಲ. ಅವಳ ಕೈಗೆ ಕೊಟ್ಟಿದ್ದ ಕಾರ್ಡು ಗಂಡನ ಮನೆಯಲ್ಲೇ ಉಳಿದಿತ್ತು.

ನನ್ನ ಕಪಾಟಿನಲ್ಲಿ ‘ಹಿ’ ಅಕ್ಷರದ ಗಂಗವ್ವ ಯಾರೂ ಇರಲಿಲ್ಲ. ಹಿರೇಕೆರೂರಿಗೆ ಟ್ರಂಕ್ ಕಾಲ್ ಹಚ್ಚಿದೆವು. ಅಲ್ಲಿಯೂ ಇಲ್ಲವೆಂದರು. ನಮ್ಮಲ್ಲಿ ರಕ್ತಪರೀಕ್ಷೆಯ ಅನುಕೂಲ ಇರಲಿಲ್ಲ, ಹೊಸದಾಗಿ ಹೊರಗೆ ಕಳಿಸಿದರೆ ಉತ್ತರ ಮರುದಿನವೇ. ಡಾಕ್ಟರ್ ಬಾಯಿ ಆಸ್ಪತ್ರೆಯ ಜೀಪನ್ನು ಸಿದ್ಧವಾಗಿಡಲು ಹೇಳಿಕಳಿಸಿದರು.

ಗಂಗವ್ವ ನೀರು ಕುಡಿಯುತ್ತಿದ್ದಳು. ಸ್ಟೀಲಿನ ಚೊಂಬಿನ ಕುತ್ತಿಗೆಯ ಮೇಲೆ ಚುಕ್ಕಿ ಚುಕ್ಕಿಯಾಗಿ ಹೆಸರು ಕೊರೆದಿತ್ತು: ಸೌ. ರೇಣುಕಾ. ಮನೆಯಲ್ಲಿ ಯಾರ ಪಾತ್ರೆ ಯಾರ ಮನೆಗೆ ಹೋಯಿತೆಂದು ನೋಡುವ ಅಭ್ಯಾಸ ನನಗೆ. ಚೊಂಬು ಯಾರದೆಂದು ಕೇಳಿದೆ.

“ನಂದ ರೀ.”

“ಮತ್ತ ರೇಣುಕಾ ಯಾರು?”

“ನಾನ ರೀ.”

ತಾಯಿ ನಡುವೆ ಬಾಯಿ ಹಾಕಿದಳು. “ಅದು ಅತ್ತಿ ಮನಿಯವ್ರು ಲಗ್ನದಾಗ ಇಟ್ಟ ಹೆಸರ್ರಿ. ತವರಿಗೆ ಬಂದ ಮ್ಯಾಲ ಅದನ್ನ್ಯಾಕ ಹೇಳ್ತಾಳ?”

ಕಪಾಟಿಗೆ ಓಡಿದೆ. ರೇಣುಕಾ, ಚಿಕ್ಕೇರೂರು, ಬಿ ನೆಗೆಟಿವ್. ಜೀಪು ಕೂಡಲೇ ಹುಬ್ಬಳ್ಳಿಗೆ ಹೊರಟಿತು. ಸಂಜೆ ಹೆಣ್ಣುಮಗು ಹುಟ್ಟಿತು. ಹೆದರಿದಂತೆಯೇ ರಕ್ತ ಹೋಯಿತು, ಆದರೆ ಬಾಟಲಿ ಆಗಲೇ ಬಂದಿತ್ತು.

ಎರಡು ದಿನ ಬಿಟ್ಟು ಅವಳ ಎರಡು ಕಾರ್ಡುಗಳನ್ನು ಒಂದು ಮಾಡಲು ಮಂಚದ ಹತ್ತಿರ ಕೂತೆ. ಯಾವ ಹೆಸರು ಮೇಲೆ ಬರೆಯಲಿ ಎಂದು ಕೇಳಿದೆ. ತಾಯಿ ಒಂದು ಹೆಸರು ಹೇಳಿದಳು. ಮಗುವನ್ನು ನೋಡಲು ಬಂದಿದ್ದ ಅತ್ತೆ ಇನ್ನೊಂದು ಹೇಳಿದಳು. ಬಾಣಂತಿ ಇಬ್ಬರ ಮುಖವನ್ನೂ ನೋಡಿದಳು.

“ನಂಬರ ಮ್ಯಾಲ ಬರೀರಿ ಅಕ್ಕಾರ. ಹೆಸರು ಎರಡೂ ಕೆಳಗ ಒಂದ ಸಾಲಿನ್ಯಾಗ ಇರ್ಲಿ. ಯಾರಿಗೂ ಸಿಟ್ಟು ಬರೂದಿಲ್ಲ.”

ನಾಲ್ಕೂ ಊರಿಗೆ ಅದೇ ನಿಯಮವಾಯಿತು. ಮೊದಲು ಸಿಕ್ಕ ನಂಬರು ಎಲ್ಲಿ ಹೋದರೂ ಬದಲಾಗದು. ಕರೆಯುವ ಹೆಸರುಗಳೆಲ್ಲ ಅದರ ಕೆಳಗೆ. ಹೆಸರು ಕೊಟ್ಟ ಮನೆಯದು, ಗುರುತು ಮಾತ್ರ ಅವಳದು ಎಂದು ಆ ಕೆಲಸ ನನಗೆ ಕಲಿಸಿತು. ಆಮೇಲೆ ಬಂದ ಪ್ರತಿಯೊಬ್ಬಳನ್ನೂ, ತವರಿನಲ್ಲಿ ಏನೆಂದು ಕರೆಯುತ್ತಾರೆ ಎಂದು ಕೇಳುತ್ತಿದ್ದೆ. ಉತ್ತರ ಹೇಳುವ ಮೊದಲೇ ಅವಳ ಮುಖ ಸಣ್ಣಗೆ ನಗುತ್ತಿತ್ತು.