ತವರಿಗೆ ಹೋದ ಮಣ್ಣು

ಮದ್ದೂರಿನ ಕೆಳಗೆ ಶಿಂಷೆ ಹೊಳೆ ಬಾಗುವಲ್ಲಿ ಈ ದಡ ಮಾಯಮ್ಮನ ಗಂಡನ ಮನೆ, ಆ ದಡ ಅವಳ ತವರು. ಎರಡನೇ ಮಹಾಯುದ್ಧದ ವರ್ಷಗಳಲ್ಲಿ ಪ್ರತಿ ಮಳೆಗಾಲವೂ ಹೊಳೆ ಅವಳ ಹೊಲದ ಅಂಚನ್ನು ಕೊರೆದು, ಎದುರು ದಡದಲ್ಲಿ ಮೆತ್ತಗೆ ಮಣ್ಣು ಇಳಿಸುತ್ತಿತ್ತು. ಅಲ್ಲಿ ಅಣ್ಣನ ಹೆಂಡತಿ ದೇವಿರಮ್ಮನ ಕುಂಬಳದ ಬಳ್ಳಿ ಹಬ್ಬುವುದನ್ನು ಕಂಡರೆ ಮಾಯಮ್ಮನಿಗೆ ಹೊಟ್ಟೆಕಿಚ್ಚು.

ಗೌರಿಹಬ್ಬದ ಬಾಗಿನಕ್ಕೆ ಬಂದವಳನ್ನು ದೇವಿರಮ್ಮ ಕೆಣಕಿದಳು: “ಎಲ್ಲಾರೂ ತವರಿಂದ ಒತ್ಕೊಂಡೋಯ್ತಾರೆ. ನೀನು ಒಲಾನೇ ತಂದಾಕ್ತೀಯ ಕಣಮ್ಮ!”

“ಅಂಗಾದ್ರೆ ಈ ಸಲ ಸೀರೆ ಬ್ಯಾಡ ಬುಡು ಅತ್ಗೆ. ನನ್ ಮಣ್ಣೇ ಒಂದ್ ಮಂಕ್ರಿ ತುಂಬ್ಕೊಡು.”

ಅಣ್ಣ ಮಾದಯ್ಯ ಬುಟ್ಟಿ ತುಂಬಿಕೊಟ್ಟ. ಮಾಯಮ್ಮ ಅದನ್ನು ಹೊಳೆಯಂಚಿಗೆ ಒಯ್ಯಲಿಲ್ಲ. ಮನೆಯ ಗೋಡೆಯ ಬುಡಕ್ಕೆ ಸುರಿದು ಕುಂಬಳದ ಬೀಜ ಹಾಕಿದಳು. ಬಳ್ಳಿಯನ್ನು, ಆಚೆ ದಡಕ್ಕೆ ಚೆನ್ನಾಗಿ ಕಾಣುವಂತೆ, ಹೆಂಚಿನ ಮೇಲೆ ಹತ್ತಿಸಿದಳು.