ಕೊಪ್ಪರಿಗೆ ತಡವಾದ ವರ್ಷ

ಅವರ ಎಡಗೈ ಹೆಬ್ಬೆರಳಿಗೆ ಉಗುರೇ ಇರಲಿಲ್ಲ. ಸುತ್ತಿಗೆಯ ಏಟು ತಿಂದು ತಿಂದು ಬೆರಳ ತುದಿ ಚಪ್ಪಟೆಯಾಗಿಬಿಟ್ಟಿತ್ತು. ಪಾಂಡವಪುರದಲ್ಲಿ ಅವರದೊಂದು ತಗಡಿನ ಶೆಡ್ಡು. ಕಬ್ಬಿನ ಹಾಲು ಕಾಯಿಸುವ ಕೊಪ್ಪರಿಗೆ ಮಾಡುತ್ತಿದ್ದುದರಿಂದ ಸುತ್ತಲಿನ ಆಲೆಮನೆಯವರಿಗೆಲ್ಲ ಅವರು ಕೊಪ್ಪರಿಗೆ ಸಾಬರು. ಕಿವಿ ಮಂದ, ಗುಟ್ಟು ಹೇಳಿದರೂ ಬೀದಿಗೆಲ್ಲ ಕೇಳುತ್ತಿತ್ತು.

ತೊಂಬತ್ತರ ದಶಕದಲ್ಲಿ, ಶೀಳನೆರೆ ಪಕ್ಕದ ನಮ್ಮ ಹೊಲದಲ್ಲಿ ನಾನು ಮೊದಲ ಸಲ ಆಲೆಮನೆ ಹಾಕಿದೆ. "ದೀಪಾವಳಿ ಒತ್ಗೆ ಕೊಪ್ಪರಿಗೆ ನಿನ್ನ ಒಲೆ ಮೇಲಿರ್ತದೆ, ಓಗಪ್ಪ" ಅಂದಿದ್ದರು ಸಾಬರು. ನಾನೋ ಆತುರದವನು. ಕಡಿಯುವ ಆಳುಗಳು ಬೇರೆ ಊರು ಹಿಡಿದಾರೆಂದು ಹಬ್ಬಕ್ಕೆ ಮುಂಚೆಯೇ ಒಂದು ತಾಕಿನ ಕಬ್ಬು ಕಡಿಸಿ ರಾಶಿ ಹಾಕಿಸಿದೆ. ಹಬ್ಬ ಕಳೆಯಿತು, ಕೊಪ್ಪರಿಗೆ ಬರಲಿಲ್ಲ. ಹೋಗಿ ಕೇಳಿದರೆ, "ನಾಳೆ ಬಂದ್ಬುಡ್ತದೆ." ಅದನ್ನು ನಂಬಿ ಇನ್ನೊಂದು ತಾಕು ಕಡಿಸಿದೆ. ಕಡಿದ ಕಬ್ಬು ಒಣಗಿದರೆ ಬೆಲ್ಲ ಕಪ್ಪಾಗುತ್ತದೆ, ಅಚ್ಚಿನಲ್ಲಿ ನಿಲ್ಲುವುದಿಲ್ಲ. ಮೊದಲ ವರ್ಷವೇ ಹೀಗಾದರೆ ಆಲೆಮನೆ ಮುಚ್ಚುವುದೊಂದೇ ಬಾಕಿ.

ಕೊನೆಗೊಂದು ದಿನ ಟ್ರಾಕ್ಟರಿನಲ್ಲಿ ಕೊಪ್ಪರಿಗೆಯ ಜೊತೆ ಸಾಬರೇ ಬಂದಿಳಿದರು. "ಲಾಯರ್ ನೋಟೀಸು ಕೊಡಿಸ್ತೀನಿ ಸಾಬ್ರೆ, ನಷ್ಟವೆಲ್ಲ ನೀವೇ ಕಟ್ಟಬೇಕು!" ಎಂದು ಹಾರಾಡಿದೆ. ಅವರು ಎರಡೂ ರಾಶಿಯಿಂದ ಒಂದೊಂದು ಜಲ್ಲೆ ಮುರಿದು ಅಗಿದು ಉಗಿದರು.

"ನಂದೇ ತಪ್ಪು ಕಣಪ್ಪ. ಆಗದಷ್ಟು ಕೆಲಸ ಒಪ್ಕೊಬುಟ್ಟೆ. ಅಬ್ಬಕ್ಕೆ ಮುಂಚೆ ಕಡ್ಸಿದ್ಯಲ್ಲ, ಅದ್ರಲ್ಲಿ ಅರ್ಧ ನಿನ್ನ ಆತುರ, ಅರ್ಧ ನನ್ನ ತಡ. ನಾನು ನಾಳೆ ಅಂದ್ಮೇಲೆ ಕಡ್ಸಿದ್ದು ಪೂರ್ತಿ ನಂದು. ನನ್ನ ಪಾಲಿನ ಬೆಲ್ಲ ಒಳ್ಳೇ ಬೆಲ್ಲದ ರೇಟ್ಗೆ ನಾನೇ ತಕ್ಕತೀನಿ. ಕೊಪ್ಪರಿಗೆ ದುಡ್ಡಲ್ಲಿ ಮುರ್ಕೊ."

ಹಾಗೇ ಆಯಿತು. ನನ್ನ ಆಲೆಮನೆ ಉಳಿಯಿತು. ಅಂಟಂಟು ಕರೀ ಬೆಲ್ಲವನ್ನು ಅವರು ಡಬ್ಬಗಳಲ್ಲಿ ತುಂಬಿಕೊಂಡು ಹೋದರು. ಬಹುಪಾಲು ದನ ಸಾಕುವವರಿಗೆ ಬಂದಷ್ಟಕ್ಕೆ ಮಾರಿದರಂತೆ.

ಬೇಸಿಗೆಯಲ್ಲಿ ಅವರ ಮನೆಗೆ ಹೋದಾಗ ಹಾಲಿಲ್ಲದ ಚಾ ಬಂತು. ಎಮ್ಮೆ ಬಾಗಿಲಲ್ಲೇ ಮೆಲುಕು ಹಾಕುತ್ತಿತ್ತು. "ಏನ್ ಸಾಬ್ರೆ, ಇಷ್ಟು ಜಿಪುಣತನ?" ಎಂದು ರೇಗಿಸಿದೆ. ಪರದೆಯ ಹಿಂದಿನಿಂದ ಅವರ ಹೆಂಡತಿ, "ನಿಮ್ಮ ಬೆಲ್ಲಕ್ಕೆ ಹಾಲು ಉಯ್ದ್ರೆ ಒಡೆದೋಯ್ತದೆ. ಸಕ್ಕರೆ ತರಾಕೆ ಇವ್ರು ಬುಡಾಕಿಲ್ಲ" ಅಂದರು.

ನಾನು ಲೋಟ ಕೆಳಗಿಟ್ಟೆ. "ಬಿಸಾಕಿ ಸಾಬ್ರೆ, ನಾಳೆನೇ ಒಳ್ಳೇ ಬೆಲ್ಲ ಕಳಿಸ್ತೀನಿ."

"ನೀನು ಒಳ್ಳೇದು ತಂದ್ಕೊಟ್ರೆ ನಾನು ತೆತ್ತಿದ್ದೇನ್ಲಾ?" ಎಂದು ಕೂಗಿದರು. "ಇದು ಮುಗೀಲಿ. ಮುಂದಿನ ವರ್ಸ ತಕ್ಕೊಂಬಾ."

ಮುಂದಿನ ವರ್ಷ ಆಲೆಮನೆಯ ಮೊದಲ ಅಡುಗೆಯ ಅಚ್ಚು ಬೆಲ್ಲ ಒಯ್ದೆ. ಹಾಲು ಹಾಕಿದ ಚಾ ಬಂತು. ಹಾಲು ಒಡೆದಿಲ್ಲವೆಂದು ಸಾಬರು ಲೋಟದೊಳಗೆ ಇಣುಕಿ ನೋಡಿ, ಮಗುವಿನಂತೆ ನಕ್ಕರು.

ಸಾಬರು ಹೋಗಿ ಎಷ್ಟೋ ವರ್ಷವಾಯಿತು. ಈಗಲೂ ಮೊದಲ ಬೆಲ್ಲ ಆ ಮನೆಗೇ. ಅವರ ಮಗ ಪ್ರತಿ ಸಲವೂ, "ಅಣ್ಣಾ, ಎಮ್ಮೆ ಹಾಲಿದೆ, ಚಾಗೆ ಆಕ್ಲಾ?" ಎಂದು ಕೇಳುತ್ತಾನೆ.

ಬೇಡ ಅನ್ನುತ್ತೇನೆ.