ಬಾನುಬೀಯ ಅಳತೆಯ ದಾರ

ನನ್ನ ಎರಡೂ ಬಾಣಂತನದಲ್ಲಿ ಮೈಗೆ ಎಣ್ಣೆ ಹಚ್ಚಿ ತಿಕ್ಕಿದವಳು ಬಾನುಬೀ. ಕಾರಟಗಿಯ ನಮ್ಮ ಓಣಿಯಲ್ಲಿ ಅವಳ ಕೈ ಬೀಳದ ಕೂಸಿಲ್ಲ, ಉಳುಕಿದ ಕಾಲಿಲ್ಲ. ವಯಸ್ಸು ಅರವತ್ತೈದು ದಾಟಿದೆ, ಬಾಯಿ ಮಾತ್ರ ಇನ್ನೂ ಇಪ್ಪತ್ತರದ್ದು. ಎಷ್ಟೋ ವರ್ಷದಿಂದ ಯಾರ ಕಾಲು ಮುಟ್ಟುವ ಮೊದಲೂ ಸೆರಗಿನ ಗಂಟಿನಿಂದ ಒಂದು ದಾರ ತೆಗೆದು ಎರಡೂ ಮೀನಖಂಡ ಅಳೆದು ನೋಡುತ್ತಾಳೆ. "ಏನ ಬಾನುಬೀ, ದರ್ಜಿ ಕೆಲಸಾನೂ ಹಿಡದೀ ಏನು?" ಎಂದು ಕಾಡಿಸಿದರೆ ನಕ್ಕು ಎಣ್ಣೆಗೆ ಕೈ ಅದ್ದುತ್ತಿದ್ದಳು.

ನಾನು ಸುರೇಖಾ, ಇಲ್ಲಿನ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮಕ್ಕಳು ಆಡಿಕೊಳ್ಳುವುದು ಸುಳ್ಳಲ್ಲ. ಕಳೆದ ಸುಗ್ಗಿಯಲ್ಲಿ ರಸ್ತೆ ತುಂಬ ಭತ್ತ ಒಣಹಾಕಿದ್ದರು. ಹಾಕಿದವರನ್ನು ಬೈಯುತ್ತಲೇ ಅದರ ಮೇಲೆ ಕಾಲಿಟ್ಟೆ. ಜಾರಿ ಬಿದ್ದು ಕಾಲಿನ ಹರಡಿನ ಮೂಳೆ ಮುರಿದುಕೊಂಡೆ. ಗಂಗಾವತಿಯಲ್ಲಿ ಆಪರೇಷನ್ ಮಾಡಿ ಪ್ಲೇಟು ಕೂರಿಸಿದರು.

ಮನೆಗೆ ಕಳಿಸುವಾಗ ಡಾಕ್ಟರು ಬಿಡಿಸಿ ಹೇಳಿದ್ದರು. ಕಾಲು ಅಲ್ಲಾಡದೆ ಬಿದ್ದಿದ್ದರೆ ಒಳಗೆ ರಕ್ತ ಹೆಪ್ಪುಗಟ್ಟಬಹುದು, ಆ ಹೆಪ್ಪು ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಅಪಾಯ. ಹೊಟ್ಟೆಗೆ ದಿನಾ ಇಂಜೆಕ್ಷನ್ ತಪ್ಪಿಸಬೇಡಿ, ಬೆರಳು ಆಡಿಸುತ್ತಿರಿ, ವಾಕರ್ ಹಿಡಿದು ಆಗಾಗ ಏಳಿ, ನೀರು ಚೆನ್ನಾಗಿ ಕುಡಿಯಿರಿ ಎಂದರು. ನಾನು ಎಲ್ಲಕ್ಕೂ ತಲೆಯಾಡಿಸಿದೆ.

ಮನೆಗೆ ಬಂದು ಒಂದನ್ನೂ ಮಾಡಲಿಲ್ಲ. ನಮ್ಮ ಪಾಯಖಾನೆ ಹಿತ್ತಲಿನಲ್ಲಿದೆ, ಎರಡು ಮೆಟ್ಟಿಲು ಇಳಿಯಬೇಕು. ಪ್ರತಿ ಸಲವೂ ಗಂಡ ಪ್ರಭುರಾಜ ಭತ್ತದ ದಲಾಲಿಯ ಅಡತಿ ಅಂಗಡಿ ಬಿಟ್ಟು ಬಂದು ತೋಳು ಹಿಡಿಯಬೇಕು. ಊರಿಗೆಲ್ಲ ಬುದ್ಧಿ ಹೇಳುವ ನನಗೆ ಅದರಿಂದ ಸಾಯುವಷ್ಟು ನಾಚಿಕೆ. ನೀರು ಕುಡಿದರೆ ತಾನೇ ಆ ಫಜೀತಿ? ಕುಡಿಯುವುದನ್ನೇ ಬಿಟ್ಟೆ. ಹೊಟ್ಟೆಯ ಮೇಲೆ ನೀಲಿ ಕಲೆ ಎದ್ದವೆಂದು ಹತ್ತು ದಿನಕ್ಕೆ ಇಂಜೆಕ್ಷನ್ನೂ ಸಾಕೆಂದೆ. "ಡಾಕ್ಟರ್ ತಪ್ಪಸಬ್ಯಾಡ ಅಂದಾರಲ್ಲ" ಎಂದು ಪ್ರಭುರಾಜ ಗೊಣಗಿದರೆ, "ವಿಜ್ಞಾನ ಕಲಸಾಕಿ ನಾನೋ ನೀವೋ?" ಎಂದು ಅವರ ಬಾಯಿ ಮುಚ್ಚಿಸಿದೆ.

ಹೊಲಿಗೆ ಬಿಚ್ಚುವಾಗ, ಇಂಜೆಕ್ಷನ್ ತಗೊಳ್ತಿದ್ದೀರಾ ಎಂದು ಡಾಕ್ಟರು ಕೇಳಿದರೆ ಹೂಂ ಎಂದುಬಿಟ್ಟೆ. ಅವರು ಪಟ್ಟಿ ತೆಗೆದು, ಬೇಕಾದಾಗ ಬಿಚ್ಚುವಂಥ ಬೂಟು ಕೊಟ್ಟರು. ಎರಡು ದಿನಕ್ಕೆ ಮೀನಖಂಡ ಬಿಗಿದು ನೋಯತೊಡಗಿತು. ಮಲಗಿ ಮಲಗಿ ನರ ಹಿಡಿದಿದೆ ಎಂದುಕೊಂಡು ಬಾನುಬೀಗೆ ಹೇಳಿ ಕಳಿಸಿದೆ.

ಅವಳು ಎಣ್ಣೆ ಕಾಸಿಕೊಂಡೇ ಬಂದಳು. ಒಳ್ಳೆಯ ಕಾಲಿನ ಸುತ್ತಳತೆಗೆ ದಾರದಲ್ಲಿ ಒಂದು ಗಂಟು ಹಾಕಿ, ಅದನ್ನು ನೋಯುವ ಕಾಲಿಗೆ ಸುತ್ತಿದಳು. ದಾರದ ತುದಿ ಗಂಟನ್ನು ಮುಟ್ಟಲಿಲ್ಲ, ಎರಡು ಬೆರಳಿನಷ್ಟು ಕಡಿಮೆ ಬಿತ್ತು. ಕೈಯ ಹಿಂಬದಿಯನ್ನು ಕಾಲಿಗೆ ತಾಗಿಸಿ ಬಿಸಿ ನೋಡಿದಳು. ಎಣ್ಣೆಯ ಬಟ್ಟಲನ್ನು ದೂರ ಸರಿಸಿದಳು.

"ನಾ ಇದನ್ನ ತಿಕ್ಕಂಗಿಲ್ರಿ ಅಕ್ಕೋರ. ಈಗಿಂದೀಗ ಗಂಗಾವತಿಗೆ ನಡೀರಿ."

"ತಿಕ್ಕಾಕ ಕರಸೀನಿ, ಡಾಕ್ಟರಕಿ ಮಾಡಾಕ ಅಲ್ಲ. ತಿಕ್ಕು!"

"ಬೈರಿ, ಬೇಕಾದ್ರ ಬಡೀರಿ. ತಿಕ್ಕಂಗಿಲ್ಲ."

"ಹಂಗಾದ್ರ ಬ್ಯಾರೇದಾಕಿನ್ನ ಕರಸ್ತೀನಿ" ಎಂದು ಚೀರಿದೆ. ಆಗ ಅವಳು ನನ್ನ ಕೈ ಗಟ್ಟಿಯಾಗಿ ಹಿಡಿದು ನೆಲಕ್ಕೆ ಕೂತಳು.

"ನಮ್ಮ ಯಜಮಾನ್ರ ಕಾಲಿಗೂ ಹಿಂಗ ಆಪರೇಷನ್ ಆಗಿತ್ರಿ. ಹಿಂಗ ಬಾತಿತ್ತು, ಹಿಂಗ ಸುಡತಿತ್ತು. ಊರ ಮಂದಿಗೆಲ್ಲ ತಿಕ್ಕಾಕಿ, ಗಂಡಗ ತಿಕ್ಕಲಿಲ್ಲಂದ್ರ ಹೆಂಗ ಅಂತ ಈ ಕೈಲೇ ಜೋರ ತಿಕ್ಕಿದೆ. ಆರಾಮಾತು ಅಂತ ಎದ್ದು ಕುಂತ್ರು. ಕುಂತಲ್ಲೇ ದಮ್ಮು ಹತ್ತಿತು. ದವಾಖಾನಿ ಮುಟ್ಟಲಿಲ್ಲ. ಒಂದು ಕಾಲು ಬಾತಿದ್ದು ಅಳದು ನೋಡಿದ್ರೂ ತಿಳೀತಿತ್ತವ್ವ ಅಂತ ಡಾಕ್ಟರ್ ಆಮ್ಯಾಲ ಅಂದ್ರು. ಅವತ್ತಿಂದ ಈ ದಾರ ಇಟ್ಕೊಂಡೀನ್ರಿ."

ಅವಳ ಗಂಡ ಯಮನೂರಸಾಬ ರೈಸ್ ಮಿಲ್ಲಿನಲ್ಲಿ ಹಮಾಲನಾಗಿದ್ದ. ಇಪ್ಪತ್ತು ವರ್ಷದ ಹಿಂದೆ ಹಾರ್ಟ್ ಅಟ್ಯಾಕಿನಿಂದ ಸತ್ತ ಎಂದೇ ಓಣಿಯವರೆಲ್ಲ ತಿಳಿದಿದ್ದೆವು. ನನ್ನ ಸಿಟ್ಟು ಎಲ್ಲಿ ಹೋಯಿತೋ, ಡಾಕ್ಟರು ಹೇಳಿದ್ದ ಹೆಪ್ಪು ನೆನಪಾಯಿತು. ಪ್ರಭುರಾಜರಿಗೆ ಫೋನು ಮಾಡಿ ಕಾರು ತರಿಸಿದೆ.

ಸ್ಕ್ಯಾನಿನಲ್ಲಿ ಕಾಲಿನ ರಕ್ತನಾಳದಲ್ಲಿ ಹೆಪ್ಪು ಕಂಡಿತು. ಡಾಕ್ಟರು ಮೊದಲು ಕೇಳಿದ್ದು, "ಯಾರರ ತಿಕ್ಕ್ಯಾರೇನ್ರಿ?" ಎಂದು. ಇಲ್ಲ ಎಂದೆ. "ಪುಣ್ಯಾ ಮಾಡೀರಿ. ತಿಕ್ಕಿದ್ರ ಹೆಪ್ಪು ಕಿತ್ತು ಶ್ವಾಸಕೋಶಕ್ಕ ಹೋಗಬಹುದಿತ್ತು" ಎಂದರು. ಇಂಜೆಕ್ಷನ್ ಬಿಟ್ಟದ್ದನ್ನು ಹೇಳಿ ಚೆನ್ನಾಗಿ ಬೈಸಿಕೊಂಡೆ.

ಆಮೇಲೆ ಮೂರು ತಿಂಗಳು ಗುಳಿಗೆ. ಬಾನುಬೀ ದಿನಾ ಮಧ್ಯಾಹ್ನ ಬರುತ್ತಿದ್ದಳು, ಎಣ್ಣೆಯಿಲ್ಲದೆ. ನೀರಿನ ಚೊಂಬು ಹಿಡಿದು ಎದುರಿಗೆ ನಿಲ್ಲುತ್ತಿದ್ದಳು. "ಕುಡೀರಿ ಅಕ್ಕೋರ. ಹಿತ್ತಲಕ್ಕ ನಾ ಕರಕೊಂಡು ಹೊಕ್ಕೀನಿ. ನನ್ನ ಮುಂದ ಎಂಥಾ ನಾಚಿಕಿ, ಎರಡು ಬಾಣಂತನ ಮಾಡೀನಿ." ನಾನು ಗಟಗಟ ಕುಡಿಯುತ್ತಿದ್ದೆ.

ಮೊನ್ನೆ ಡಾಕ್ಟರು ಹೆಪ್ಪು ಕರಗಿದೆ, ಇನ್ನು ಹಗುರಾಗಿ ಎಣ್ಣೆ ಹಚ್ಚಿಸಿಕೊಳ್ಳಬಹುದು ಎಂದರು. ಬಾನುಬೀ ಎದುರಿಗೆ ಕಾಲು ಚಾಚಿ ಕೂತೆ. ಅವಳು ಮತ್ತೆ ಅಳೆದಳು. ಕಾಲು ಸೊರಗಿತ್ತು, ದಾರದ ತುದಿ ಗಂಟನ್ನು ದಾಟಿ ಮುಂದೆ ಹೋಯಿತು. ಬಟ್ಟಲಲ್ಲಿ ಅದ್ದಿದ ಅಂಗೈ ಮಾತ್ರ ಕಾಲಿನ ಮೇಲೆ ಬರದೆ ಗಾಳಿಯಲ್ಲೇ ನಿಂತಿತು. ಗಂಡ ಹೋದಾಗಿನಿಂದ ಹೀಗೆ ಹೆಪ್ಪುಗಟ್ಟಿದ್ದ ಕಾಲನ್ನು ಅವಳು ತಿಕ್ಕಿಯೇ ಇರಲಿಲ್ಲವಂತೆ. ನಾನೇ ಆ ಕೈ ಹಿಡಿದು ನನ್ನ ಕಾಲಿನ ಮೇಲಿಟ್ಟುಕೊಂಡೆ.

"ತಿಕ್ಕು ಬಾನುಬೀ" ಎಂದೆ. ಈ ಸಲ ದನಿ ಎತ್ತಲಿಲ್ಲ.